ಮಾಳವ್ವಗ ವಯಸ್ಸಾದ ದಿನ

ಸತ್ತವರ ಕಣ್ಣು ತೆರಸೋದು ನನ್ನ ಕೆಲಸ ಇತ್ತು. ಹೆದರಬ್ಯಾಡ್ರಿ, ಮಾಟ-ಮಂತ್ರದ ಮಾತಲ್ಲ. ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣ್ಯಾಗ ಒಂದು ಫೋಟೋ ಸ್ಟುಡಿಯೋದಾಗ ಕುಂತು, ಮಂದಿ ಮಾರಿ ತಿದ್ದಿ ತಿದ್ದಿ ನನ್ನ ಕಣ್ಣು ಸವದ್ವು. ನಮ್ಮ ಕಡಿ ಲಿಂಗಾಯತರು ಸತ್ತವರನ್ನ ಗ್ವಾಡಿಗಿ ಆನಿಸಿ ಕುಂದ್ರಿಸಿ, ಈಬತ್ತಿ ಹಚ್ಚಿ, ಹಾರ ಹಾಕ್ತಾರ. ಜೀವ ಇದ್ದಾಗ ಒಂದು ಫೋಟೋ ತೆಗಸಾಕ ಪುರುಸೊತ್ತಿಲ್ಲದ ಮಂದಿ ಆವಾಗ ನಮ್ಮ ಅಂಗಡಿಗಿ ಓಡಿ ಬರ್ತಾರ. ಫೋಟೋದಾಗ ಕಣ್ಣು ಮುಚ್ಚೇ ಇರ್ತಾವಲ್ಲ, "ನೀಲಕ್ಕಾ, ನಮ್ಮಪ್ಪನ ಕಣ್ಣು ಜರಾ ತೆರದು ಕೊಡ್ರಿ" ಅಂತ ನನ್ನ ಮುಂದ ಬಂದು ನಿಂದ್ರತಿದ್ರು. ನಾ ಅವರ ತಮ್ಮನ ಕಣ್ಣೋ ಮಗನ ಕಣ್ಣೋ ಕಡಾ ತಗೊಂಡು ತೆರಸ್ತಿದ್ದೆ. ಕಟ್ಟು ಹಾಕಿಸಿದ ಫೋಟೋ ಕೈಯಾಗ ಹಿಡಕೊಂಡು, "ನಮ್ಮಪ್ಪ ನೋಡಾಕತ್ತಾನ" ಅಂತ ಗಟ್ಟಿ ಗಟ್ಟಿ ಗಂಡಸ್ರು ಅತ್ತಿದ್ದು ನಾ ನೋಡೀನಿ.

ಈಗ ಯಾದಗಿರಿಗಿ ಹೋಗಿ ಕಣ್ಣಿನ ಪೊರಿ ತೆಗಸ್ಕೊಂಡು ಬಂದು ಮನ್ಯಾಗ ಕುಂತೀನಿ. ಈ ಧಂದೆಕ್ಕ ಹೊಸದಾಗಿ ಬಂದ ಹುಡುಗ-ಹುಡುಗ್ಯಾರು ಬಂದು, "ಅಕ್ಕಾ, ನಿಮ್ಮ ಕಾಲದಾಗ ಫೋಟೋ ತಿದ್ದೋ ಸಾಫ್ಟ್‌ವೇರ್ ಡಬ್ಬ್ಯಾಗ ಹಾಕಿ ಮಾರ್ತಿದ್ರಂತ, ಖರೇ ಏನ್ರಿ?" ಅಂತ ಕೇಳಿ ನಗ್ತಾರ. ನಗ್ರಿ, ಬ್ಯಾಡನ್ನಂಗಿಲ್ಲ. ಆದ್ರ ಪೂರ್ತಿ ಕೇಳಿ ಆಮ್ಯಾಲ ನಗ್ರಿ.

ಮೊದಲ ನಾ ಕಲ್ತಿದ್ದು ಪೆನ್ಸಿಲ್ ಕೆಲಸ. ನೆಗೆಟಿವ್ ಮ್ಯಾಲ ಸಣ್ಣ ಮೊನಿ ಪೆನ್ಸಿಲ್‌ಲೆ ಚುಕ್ಕಿ ಚುಕ್ಕಿ ಇಟ್ಟು ಸಿಡುಬಿನ ಕಲಿ ಮುಚ್ಚೋದು, ಗಲ್ಲದ ಮ್ಯಾಲಿನ ಗೀರು ಮುಚ್ಚೋದು. ಉಸುರು ಜೋರಾಗಿ ಬಿಟ್ರ ಕೈ ಅಲುಗಿ ಕೆಲಸ ಕೆಡ್ತಿತ್ತು. ನಮ್ಮ ಮಾಲಕ್ರು ಸಂಗಣ್ಣ ಸಾಹುಕಾರ್ರು ಹಿಂದ ನಿಂತು ಬೈತಿದ್ರು. ಒಂದು ಸಲ ಗೋಗಿ ಕಡಿಯಿಂದ ಬಂದ ಒಬ್ಬಾಂವನ ಮಾರಿ ಮ್ಯಾಲಿನ ಕಲಿ ಎಲ್ಲಾ ತಗದು ಬೆಣ್ಣಿ ಉಂಡಿ ಹಂಗ ಮಾಡಿಟ್ಟೆ. ಮಾಲಕ್ರು ನೋಡಿ, "ಏ ನೀಲವ್ವ, ಇಷ್ಟು ಛಂದ ಮಾಡಿದ್ರ ಅವನ ಹೇಣ್ತಿ ಮನಿ ಒಳಗ ಬಿಟ್ಕೊಳ್ಳಂಗಿಲ್ಲ. ನಾಕು ಕಲಿ ಇಡು, ಗುರ್ತು ಹತ್ತಬೇಕು" ಅಂದ್ರು. ಬೈಗಳ ಬಹಳ ತಿಂದೀನಿ ಅವರ ಕೈಯಾಗ, ಆದ್ರ ಈ ಮಾತು ಮಾತ್ರ ಗಂಟು ಹಾಕಿ ಇಟ್ಕೊಂಡೀನಿ.

ಆಮ್ಯಾಲ ಕಂಪ್ಯೂಟರ್ ಬಂತು. ಮಾಲಕ್ರು ಹೈದರಾಬಾದಿಗಿ ಹೋಗಿ ಫೋಟೋ ತಿದ್ದೋ ಸಾಫ್ಟ್‌ವೇರ್ ಖರೀದಿ ಮಾಡ್ಕೊಂಡು ಬಂದ್ರು. ಊರಾಗ ಉಳದವ್ರೆಲ್ಲಾ ಕದ್ದ ಸಿ.ಡಿ. ಹಾಕ್ಕೊಂಡು ಕುಂತಿದ್ರು. ನಮ್ಮ ಸಾಹುಕಾರ್ರು ಮಾತ್ರ ಸಾಚಾ ಮನಷ್ಯಾ. ಎದಿ ಉಬ್ಬಿಸಿ, "ಇದು ಕೊಂಡ ಮಾಲು. ಒಮ್ಮೆ ಕೊಟ್ರ ಸಾಯೋತನ ನಮ್ಮದು. ನಾ ಸತ್ರ ನನ್ನ ಮಗಂದು" ಅಂತಿದ್ರು. ದೊಡ್ಡ ರಟ್ಟಿನ ಡಬ್ಬಿ, ಒಳಗ ಒಂದು ಹೊಳಿಯೋ ಸಿ.ಡಿ. ಕಂಪ್ಯೂಟರಿಗಿ ಒಮ್ಮೆ ಹಾಕಿದ ಮ್ಯಾಲ ಆ ಸಿ.ಡಿ.ನ ತಗದು ಅಂಗಡಿ ದೇವರ ಜಗಲಿ ಮ್ಯಾಲ ಇಟ್ಟುಬಿಟ್ರು.

ಖಂಡೇನವಮಿ ದಿನ ಆಯುಧಕ್ಕ ಪೂಜಿ ಮಾಡ್ತೀವಲ್ಲ, ಅವತ್ತು ಯಾರೂ ಹತ್ಯಾರ ಮುಟ್ಟಂಗಿಲ್ಲ. ರೈತರು ಕುಡಗೋಲು ಮುಟ್ಟಂಗಿಲ್ಲ, ಸಿಂಪಿಗ್ಯಾರು ಕತ್ರಿ ಮುಟ್ಟಂಗಿಲ್ಲ, ನಾವು ಕಂಪ್ಯೂಟರ್ ಮುಟ್ಟಂಗಿಲ್ಲ. ಕಟ್ಟಿಗಿ ಮಣಿ ಮ್ಯಾಲ ಕ್ಯಾಮೆರಾ, ಕತ್ರಿ, ಫ್ರೇಮಿನ ಮೊಳಿ, ಎಲ್ಲಾದರ ನಡಕ ಆ ಸಿ.ಡಿ. ಮಾಲಕ್ರು ಸ್ನಾನ ಮಾಡಿ ಬಂದು ಸಿ.ಡಿ.ಯ ಹೊಳಿಯೋ ಮಗ್ಗಲಕ್ಕ ಮೂರು ಬಟ್ಟು ಈಬತ್ತಿ ಎಳದು, ನಡಕ ಕುಂಕುಮ ಇಡ್ತಿದ್ರು. "ಸಾಹುಕಾರ್ರ, ಅಕ್ಷರ ಬರದ ಮಗ್ಗಲಕ್ಕ ಹಚ್ರಿ, ಅದು ಕೆಟ್ಟೀತು" ಅಂದೆ ಒಂದು ವರ್ಷ. ನನ್ನ ಕಡಿ ಹಿಂಗ ತಿರುಗಿ ನೋಡಿ, "ಹೊಳಿಯೋದು ಅದರ ಮಾರಿ. ಅಕ್ಷರ ಇದ್ದಿದ್ದು ಬೆನ್ನು. ಬೆನ್ನಿಗಿ ಯಾರರ ಕುಂಕುಮ ಹಚ್ತಾರೇನು?" ಅಂದ್ರು.

ಅದ ಕಾಲದಾಗ ಬಂದಾಂವ ನಿಂಗಪ್ಪ ಕಾಕಾ. ಸುರಪುರದ ಕಡಿ ಬೋನಾಳದಾಂವ, ಕುರುಬರಾಂವ. ಕೆರಿ ದಂಡಿಗುಂಟ ಕುರಿ ಮೇಸ್ತಿದ್ದ. ಹೆಗಲ ಮ್ಯಾಲ ಕಂಬಳಿ, ತಲಿ ಮ್ಯಾಲ ರುಮಾಲು. ಕಂಬಳಿ ಮಡಿಚಿನಾಗಿಂದ ಪ್ಲಾಸ್ಟಿಕ್ ಚೀಲ ತಗದ, ಚೀಲದಾಗಿಂದ ಒಂದು ಮುದುಡಿದ ಫೋಟೋ ತಗದ. ಯಾರದೋ ಮದಿವಿ ಫೋಟೋ. ಹಿಂದಿನ ಸಾಲಿನಾಗ ಒಬ್ಬಾಕಿ ಸಣ್ಣ ಹುಡುಗಿ, ಸೆರಗು ತಲಿ ಮ್ಯಾಲ, ನಗಬೇಕೋ ಬ್ಯಾಡೋ ಅಂತ ನಿಂತಾಳ.

"ಇಕಿ ಮಾಳವ್ವ, ನನ್ನ ಹೇಣ್ತಿ. ಇದು ಇಕಿ ಅಣ್ಣನ ಮದಿವಿದು. ಹಡಿಯೂ ಮುಂದ ಹೋಗಿಬಿಟ್ಲು ತಂಗೆವ್ವಾ. ಹೆಣ್ಣು ಕೂಸು ಉಳೀತು, ಇಕಿ ಉಳೀಲಿಲ್ಲ. ನಾವಿಬ್ರೂ ಜೋಡಿಲೆ ಒಂದೂ ಫೋಟೋ ತೆಗಸಿಲ್ಲ. ನನ್ನ ಮಗ್ಗಲಕ್ಕ ಇಕಿನ್ನ ಕುಂದ್ರಿಸಿ ಕೊಡು" ಅಂದ.

ಇಂಥಾ ಜೋಡಿ ಫೋಟೋ ನಮಗ ಹೊಸಾದಲ್ಲ. ನಮ್ಮ ಹಳ್ಳ್ಯಾಗ ಗಂಡ ಹೇಣ್ತಿ ಕೂಡಿ ಫೋಟೋಕ್ಕ ಕುಂದ್ರೂದಂದ್ರ ನಾಚಗಿ. ಒಬ್ಬರು ಹೋದ ಮ್ಯಾಲ ಬರ್ತಾರ ಕೂಡಸ್ರಿ ಅಂತ. ಕಾಕಾಂದು ಒಂದು ಫೋಟೋ ತಗದೆ, ಮಾಳವ್ವನ್ನ ಮದಿವಿ ಮಂದ್ಯಾಗಿಂದ ಬಿಡಿಸ್ಕೊಂಡು ಬಂದೆ, ಇಲಕಲ್ ಸೀರಿ ಉಡಿಸಿದೆ, ಮಗ್ಗಲಕ್ಕ ಕುಂದ್ರಿಸಿದೆ. ನನ್ನ ಕೈಕೆಲಸಕ್ಕ ನಾನ ಶಾಬಾಸ್ ಅಂದ್ಕೊಂಡೆ. ಕಾಕಾನೂ ಖುಷಿಲೆ ಒಯ್ದ.

ಅಮಾಸಿ ಕಳದು ತಿರುಗಿ ಬಂದ, ಫೋಟೋ ಹಿಡಕೊಂಡು. ಮಾರಿ ಸಣ್ಣದಾಗಿತ್ತು.

"ತಂಗೆವ್ವಾ, ಬಂದವ್ರೆಲ್ಲಾ ಇಕಿ ನಿನ್ನ ಮಗಳೇನು ಅಂತ ಕೇಳ್ತಾರ. ಮೊಮ್ಮಗಳಂತೂ ನಮ್ಮವ್ವನ ಫೋಟೋ ಅಂತ ಕುಣದಾಡ್ತಾಳ. ನೀನ ನೋಡು, ನಾ ಹಣ್ಣಾಗೀನಿ, ಇಕಿ ಕೂಸಿದ್ದಂಗ ಅದಾಳ. ಹಿಂಗ ಕುಂತ್ರ ನನಗ ನಾಚಗಿ ಬರ್ತದ. ಇಕಿನ್ನ ಮುದುಕಿ ಮಾಡಿ ಕೊಡು. ನನ್ನ ಜೋಡಿ ಬಾಳೇ ಮಾಡಿದ್ರ ಹ್ಯಾಂಗ ಇರ್ತಿದ್ಲೋ ಹಂಗ."

ನಾ ಅಲ್ಲಿತನಕ ಎಷ್ಟು ಮಂದಿನ್ನ ಸಣ್ಣವ್ರ ಮಾಡೀನಿ, ಲೆಕ್ಕಿಲ್ಲ. ಕೂದಲಾ ಕರ್ರಗ ಮಾಡ್ರಿ, ಸುಕ್ಕು ತೆಗೀರಿ, ಹಲ್ಲು ಕುಂದ್ರಸ್ರಿ, ಇದ ಕೇಳ್ತಿದ್ರು. ಮುದುಕಿ ಮಾಡು ಅಂದಾಂವ ಇವನೊಬ್ಬನ. ನನಗ ಹಠ ಹತ್ತಿತು. ಮಾಳವ್ವನ ಅಕ್ಕ ಕೊಂಕಲ್‌ದಾಗ ಇನ್ನಾ ಇದ್ಲು. ಆಕಿ ಫೋಟೋ ತರಸಿ, ಆಕಿ ಸುಕ್ಕು ಕಡಾ ತಗೊಂಡು, ಕಣ್ಣಿನ ಕೆಳಗ, ಬಾಯಿ ಮಗ್ಗಲಕ್ಕ, ಕುತಗಿಗಿ ಹಚ್ಚಿದೆ. ಕೂದಲಾ ಬೆಳ್ಳಗ ಮಾಡಿದೆ. ಹಗಲೆಲ್ಲಾ ಅದ ಕೆಲಸ. ಮಾಲಕ್ರು, "ಆ ಮುದುಕನ ಹೇಣ್ತಿ ಸಂಸಾರ ನೀನ ಮಾಡಾಕತ್ತಿಯಲ್ಲ" ಅಂತ ಚಾಷ್ಟಿ ಮಾಡಿದ್ರು.

ಕಾಕಾ ಬಂದು ನೋಡಿದ. ಆಮ್ಯಾಲ ಮೆತ್ತಗ ಅಂದ, "ಇದು ಅವರಕ್ಕ ಕುಂತಾಳ, ತಂಗೆವ್ವಾ. ಇಕಿ ಜೋಡಿ ನಾ ಬಾಳೇ ಮಾಡಿಲ್ಲ."

ಅಂಗಡ್ಯಾಗ ಎಲ್ಲಾರೂ ನಕ್ಕರು, ಕಾಕಾನೂ ನಕ್ಕ. ನನಗ ಮಾತ್ರ ಅಳು ಬಂದಂಗಾತು. ಹಳೇ ಫೋಟೋ ತಿರುಗಿ ಚೀಲದಾಗ ಇಟ್ಟು, ಚೀಲ ಕಂಬಳ್ಯಾಗ ಇಟ್ಟು, "ಇರ್ಲಿ ಬಿಡು, ಆಕಿ ಹಣೇಬರದಾಗ ವಯಸ್ಸಾಗೂದು ಬರದಿಲ್ಲ" ಅಂತ ಸುರಪುರದ ಬಸ್ಸಿಗಿ ಹೋದ. ಆ ಮಾತು ನನಗ ಚುಚ್ಚಿಕೊಂತ ಉಳೀತು.

ವರ್ಷ ಹೋದ್ವು. ಒಂದು ದಿನ ಸಿಡ್ಲು ಬಡದು ನಮ್ಮ ಕಂಪ್ಯೂಟರ್ ಸುಟ್ಟು ಕುಂತ್ತು. ಮಾಲಕ್ರು ಒಂದೀಟೂ ಹೆದರಲಿಲ್ಲ. "ಕಂಪ್ಯೂಟರ್ ಹೋದ್ರ ಹೋಗ್ಲಿ, ಕೊಂಡ ಮಾಲು ಜಗಲಿ ಮ್ಯಾಲ ಭದ್ರ ಐತಿ" ಅಂತ ಹೊಸ ಕಂಪ್ಯೂಟರ್ ತಂದು, ಕೈ ಮುಗದು ಸಿ.ಡಿ. ಹಾಕಿದ್ರು. ಅದು ಗುರ್ರ್ ಅಂತು, ಮತ್ತೊಮ್ಮೆ ಗುರ್ರ್ ಅಂತು, ನಾಲಿಗಿ ಚಾಚಿದಂಗ ಸಿ.ಡಿ.ನ ಹೊರಗ ಹಾಕ್ತು. ವರ್ಷಾನುಗಟ್ಟಲೆ ಹಚ್ಚಿದ ಕುಂಕುಮ, ಈಬತ್ತಿ, ಪ್ರತಿ ವರ್ಷ ಒರಸಿದ್ದು ಒರಸಿದ್ದ ಗೀರು, ಅದರ ಮಾರಿ ನಮ್ಮ ಸಿಡುಬಿನ ಗಿರಾಕಿ ಮಾರಿಕಿಂತ ಹೊಲಸಾಗಿತ್ತು. ಮಾಲಕ್ರು ಧೋತರದ ಚುಂಗಿಲೆ ಒರಸಿದ್ರು. ಕೊಬ್ಬರಿ ಎಣ್ಣಿ ಹಚ್ಚಿ ಒರಸಿದ್ರು. ಮತ್ತ ನಾಲಿಗಿ ಚಾಚಿತು.

ಯಾದಗಿರಿಯಿಂದ ಕಂಪ್ಯೂಟರ್ ರಿಪೇರಿಯಾಂವ ಬಂದು ನೋಡಿ, ನಗು ತಡಕೊಂಡು ಹೇಳಿದ, "ಸಾಹುಕಾರ್ರ, ಇದು ಓದಿದ್ರೂ ಉಪಯೋಗಿಲ್ರಿ, ಹೊಸ ಮಷೀನಿಗಿ ಕೂಡಂಗಿಲ್ಲ. ಈಗ ಈ ಕಂಪನ್ಯಾರು ಮಾರೂದ ಬಿಟ್ಟಾರ. ತಿಂಗಳಾ ತಿಂಗಳಾ ರೊಕ್ಕ ಕಟ್ಟಬೇಕು, ಕಟ್ಟಿದಷ್ಟು ದಿನ ನಡೀತದ."

ಮಾಲಕ್ರ ಮಾರಿ ಕೆಂಪಗಾತು. "ಮನಿ ಬಾಡಿಗಿ ಕೇಳೀನಿ, ಅಂಗಡಿ ಬಾಡಿಗಿ ಕೇಳೀನಿ. ಕತ್ರಿಗಿ ಬಾಡಿಗಿ ಏನಲೇ ತಮ್ಮಾ? ನಾಳಿಗಿ ಉಸುರಾಡಾಕೂ ಬಾಡಿಗಿ ಹಚ್ಚತೀರೇನು?" ಅಂತ ಚೀರಿದ್ರು, ಕಂಪನಿ ನಡಸಾಂವ ಆ ಬಡಪಾಯೀನ ಅನ್ನಂಗ. ನನಗೂ ಸಿಟ್ಟು ಬಂದಿತ್ತು, ಸುಳ್ಳು ಯಾಕ ಹೇಳ್ಲಿ. ನನ್ನ ಕೈಯಾಗಿನ ಹತ್ಯಾರ ನಂದಲ್ಲ ಅಂದ್ರ ಯಾರಿಗಿ ಸಂಕಟ ಆಗಂಗಿಲ್ಲ? ಆದ್ರ ಗಿರಾಕಿ ಬಾಗಲದಾಗ ನಿಂತಿದ್ರು. ಕಟ್ಟಿದ್ವಿ.

ಮೊದಲನೇ ದಿನ ಬಂದ ಕೆಲಸ, ಗುಂಗುರು ಕೂದಲದ ಒಬ್ಬಾಕಿ ಮದುಮಗಳ ಹಿಂದಿನ ಗ್ವಾಡಿ ತಗದು ತ್ವಾಟದ ಸೀನರಿ ಹಾಕೂದು. ಕೂದಲಿನ ಎಳಿ ಎಳಿ ಬಿಡಸೂದಂದ್ರ ನನಗ ಅರ್ಧ ದಿನದ ಕೆಲಸ. ಚಾ ಕುಡದು, ಬೆರಳು ನೆಟಿಕಿ ಮುರದು ತಯಾರಾಗಿ ಕುಂತೆ. ಒಂದು ಗುಂಡಿ ಒತ್ತಿದೆ. ಗ್ವಾಡಿ ಹೋತು! ಕೂದಲಾ ಒಂದೂ ಹರೀಲಿಲ್ಲ. ಹಿಗ್ಗಿಸಿ ನೋಡಿದೆ, ಎಳಿ ಎಳಿ ಹಂಗ ಅದಾವ. ಎಪ್ಪಾ ದೇವರ! ಇಷ್ಟ್ ವರ್ಷದ ನನ್ನ ವಿದ್ಯಾ ಒಂದು ಚಿಟಿಕ್ಯಾಗ ಹೋತಲ್ಲ ಅಂತ ಅನಿಸ್ತು, ಖರೇ. ಆದ್ರ ಅದಕಿಂತ ಹೆಚ್ಚು ಬೆರಗಾತು. ಅವತ್ತು ಊಟ ಮರತು, ಅಂಗಡ್ಯಾಗಿದ್ದ ಫೋಟೋ ಎಲ್ಲಾದರ ಗ್ವಾಡಿ ತಗದು ನೋಡ್ಕೋತ ಕುಂತೆ. ಮಾಲಕ್ರು ಮಾತ್ರ ದೂರ ನಿಂತು, "ಬಾಡಿಗಿ ಎತ್ತು, ಎಷ್ಟು ಹೊಡದರೂ ಬಾಡಿಗಿ ಎತ್ತ" ಅಂತ ಗೊಣಗಿದ್ರು.

ಆ ವರ್ಷದ ಖಂಡೇನವಮಿ ಬಂತು. ಮಣಿ ತೊಳದಿಟ್ಟು ಮಾಲಕ್ರು ನಿಂತೇಬಿಟ್ರು.

"ನೀಲವ್ವ, ಡಬ್ಬಿಲ್ಲ, ಸಿ.ಡಿ. ಇಲ್ಲ. ನಿನ್ನ ಸಾಫ್ಟ್‌ವೇರ್ ಎಲ್ಲೈತಿ?"

"ಎಲ್ಲೋ ದೂರ ದೇಶದ ಮಷೀನಿನಾಗ ಐತಂತ್ರಿ. ಇಂಟರ್ನೆಟ್ ಮ್ಯಾಲೆ ಬರ್ತದ."

"ಅಂದ್ರ ಹಾಜರಿಲ್ಲದ ಆಯುಧಕ್ಕ ಪೂಜಿ ಹ್ಯಾಂಗ ಮಾಡ್ಲಿ?"

ಕಡೀಕ ಅವರಿಗೇ ಹೊಳೀತು. ಗ್ವಾಡಿಗಿ ಇದ್ದ ಇಂಟರ್ನೆಟ್ ಡಬ್ಬಿ, ಲುಕ್ ಲುಕ್ ಅಂತ ದೀಪ ಬಡಿಯೋದು, ಅದನ್ನ ಇಳಿಸಿ ಮಣಿ ಮ್ಯಾಲ ಇಟ್ರು. ಕುಂಕುಮದ ಕೈ ಅದರ ತೂತಿನ ಕಡಿ ಹೊಂಟಿದ್ದು ನೋಡಿ ನಾ ಗಪ್ಪನ ಹಿಡದೆ. "ಈ ಸಲ ನನ್ನ ಮಾತು ಕೇಳ್ರಿ, ಮ್ಯಾಲಿನ ಮುಚ್ಚಳಕ್ಕ ಹಚ್ರಿ." ಹಚ್ಚಿದ್ರು. ಚೆಂಡು ಹೂ ಏರಿಸಿದ್ರು. "ಅದಕ್ಕೂ ಒಂದು ದಿನ ದಣುವಾರ್ಲಿ" ಅಂತ ವೈರ್ ಕಿತ್ತಿಟ್ರು.

ಮರುದಿನ ಬನ್ನಿ ಕೊಟ್ಟು ತಗೊಂಡು, ಬಂಗಾರದಂಗ ಇರೂಣು ಅಂದು, ಎಲ್ಲಾ ಚಾಲೂ ಮಾಡಿದ್ವಿ. ಸಾಫ್ಟ್‌ವೇರ್ ತನ್ನಷ್ಟಕ್ಕ ತಾನ ಏನೋ ಇಳಿಸ್ಕೊಂತು, ಮತ್ತ ತೆರೀತು. ನೋಡ್ತೀನಿ, ನಿನ್ನಿತನಕ ಇಲ್ಲದ, ಆಚೀಚಿ ಎಳಿಯೋ ಒಂದು ಹೊಸ ಪಟ್ಟಿ ಕುಂತೈತಿ. ಮಾರಿ ಗುರ್ತು ಹಿಡದು, ವಯಸ್ಸು ಹಿಂದ-ಮುಂದ ಮಾಡೂದಂತ! ನಾವು ಕೇಳಿಲ್ಲ, ಯಾರೂ ತಂದಿಲ್ಲ, ತಾನ ಬಂದೈತಿ. ಮಾಲಕ್ರು ಹತ್ರ ಬಂದು ಕನ್ನಡಕ ಏರಿಸ್ಕೊಂಡ್ರು. "ನೋಡಿದಿ? ಪೂಜಿ ಫಲ! ಆ ಕೊಂಡ ಮಾಲಿಗಿ ಇಷ್ಟ್ ವರ್ಷ ಹೂ ಏರಿಸಿದ್ವಿ, ಒಂದು ಗುಂಡಿನರ ಹೆಚ್ಚು ಕೊಡ್ತೇನು?"

ಅವರದ ಫೋಟೋ ಹಾಕಿ ಆ ಪಟ್ಟಿ ಬಲಕ್ಕ ಎಳದೆ. ಜರಾ ತಡದು ಮಾರಿ ಬದಲಾತು. ಗಲ್ಲ ಇಳೀತು, ಕಣ್ಣು ಒಳಗ ಹೋದ್ವು. ಮಾಲಕ್ರು ಕಾಲಾಗಿನ ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿ ನಿಂತ್ರು. "ನಮ್ಮಪ್ಪ ಬಂದಾನಲ್ಲ" ಅಂದ್ರು. ಆ ಗಟ್ಟಿ ಗಂಟಲ ಮನಷ್ಯಾನ ಧ್ವನಿ ಹಂಗ ಆಗಿದ್ದು ನಾ ಕೇಳಿರಲೇ ಇಲ್ಲ.

ಆ ಕ್ಷಣಕ್ಕ ನನಗ ನೆನಪಾದಾಂವ ನಿಂಗಪ್ಪ ಕಾಕಾ. ಅಂವ ಇನ್ನಾ ಅದಾನೋ ಇಲ್ಲೋ! ನಮ್ಮ ಹಂತ್ಯಾಕ ಇದ್ದ ಮಾಳವ್ವನ ಫೋಟೋ ಎಲ್ಲಾ ಸುಟ್ಟ ಕಂಪ್ಯೂಟರ್ ಜೋಡಿ ಹೋಗಿದ್ವು. ಉಳದಿದ್ದು ಅವನ ಕಂಬಳ್ಯಾಗಿನ ಆ ಒಂದ ಒಂದು. ಬೋನಾಳದ ಚಾದಂಗಡಿಗಿ ಫೋನ್ ಹಚ್ಚಿದೆ. "ಅದಾನ್ರಿ, ಆದ್ರ ಬಹಳ ಸೊರಗ್ಯಾನ. ಕುರಿ ಮಗನ ಕೈಯಾಗ ಬಿಟ್ಟಾನ" ಅಂದ್ರು. "ಫೋಟೋ ತಗೊಂಡು ಬಾ ಅನ್ರಿ, ಮಾಳವ್ವನ್ನ ಮುದುಕಿ ಮಾಡೂಣು ಅಂತ ಹೇಳ್ರಿ" ಅಂದೆ. ಆ ಕಡಿ ಚಾದಂಗಡಿಯಾಂವ ನನಗ ತಲಿ ಕೆಟ್ಟೈತಿ ಅಂತ ತಿಳ್ಕೊಂಡಿರಬೇಕು.

ಕಾಕಾ ಮಗನ ಹೆಗಲು ಹಿಡಕೊಂಡು ಬಂದ. ಕುರ್ಚಿ ಮ್ಯಾಲ ಕುಂತು ಮೊದಲ ತೇಕು ಆರಿಸ್ಕೊಂಡ. ಅದ ಚೀಲ, ಅದ ಫೋಟೋ.

"ಈ ಸಲ ಯಾರ ಸುಕ್ಕು ತಂದಿ ತಂಗೆವ್ವಾ?"

"ಯಾರದೂ ಇಲ್ಲ ಕಾಕಾ. ಆಕಿ ಮಾರ್ಯಾಗಿಂದ ಆಕಿದ ಸುಕ್ಕು ತೆಗೀತದ ಇದು. ಆದ್ರ ಮೊದಲ ಹೇಳ್ತೀನಿ, ಮಷೀನಿನ ಅಂದಾಜು ಇದು. ಖರೇ ಅಲ್ಲ."

"ಇರ್ಲಿ. ನಾನೂ ಇಷ್ಟ್ ವರ್ಷ ಆಕಿ ಜೋಡಿ ಅಂದಾಜಿಲೆ ಬಾಳೇ ಮಾಡೀನಿ" ಅಂದ.

ಪಟ್ಟಿ ಸಣ್ಣಾಗಿ ಎಳದೆ. ಮಷೀನು ಜರಾ ವಿಚಾರ ಮಾಡ್ತು. ಮಾಳವ್ವನ ಗಲ್ಲ ತುಂಬಿ ಬಂತು, ಹುಡಿಗಿತನ ಹೋಗಿ ಹೆಂಗಸಾದ್ಲು. ಮುಂದ ಎಳಿಯಾಕ ಹೋದೆ, ಕಾಕಾ ನನ್ನ ಕೈ ಹಿಡದ.

"ತಡಿ, ತಡಿ. ಇಲ್ಲಿ ಜರಾ ನಿಂದ್ರು. ಈ ವಯಸ್ಸಿನಾಗ ನಮ್ಮ ಹುಡುಗಿನ್ನ ಮೊದಲ ಸಲ ಸಾಲಿಗಿ ಕಳಿಸಿದ್ದು. ಅವತ್ತು ಆಕಿಗಿ ಹೆಳಲು ಹಾಕಾಕ ನನಗ ಬರ್ಲಿಲ್ಲ."

ಆಮ್ಯಾಲ, "ಹ್ಞೂಂ, ನಡಿ" ಅಂದ. ಮತ್ತ ಎಳದೆ. ಕಣ್ಣಿನ ಮಗ್ಗಲಕ್ಕ ಗೆರಿ ಮೂಡಿದ್ವು. "ತಡಿ. ಇದು ಹುಡುಗಿ ಮದಿವಿ ವರ್ಷ. ನೋಡು, ಎಷ್ಟು ದಣದಾಳ." ಮತ್ತ ಎಳದೆ. "ಇಲ್ಲಿ ಮೊಮ್ಮಗಳು ಹುಟ್ಟಿದ್ಲು." ಎಲ್ಲಿ ನಿಂದ್ರು ಅಂತಾನೋ ಅಲ್ಲಿ ನಿಂತೆ. ಆಕಿ ಇಲ್ಲದ ವರ್ಷ ಎಲ್ಲಾ ಆಕಿನ್ನ ಒಂದೊಂದಾಗಿ ಕರಕೊಂಡು ಬಂದ. ಆ ಮಗ, ಅಂದ್ರ ಕಾಕಾ ಆಮ್ಯಾಲ ಮಾಡ್ಕೊಂಡ ಎರಡನೇ ಹೇಣ್ತಿ ಮಗ, ಎಂದೂ ನೋಡದ ದೊಡ್ಡವ್ವನ್ನ ನೋಡ್ಕೋತ ಬಾಗಲದಾಗ ನಿಂತಿದ್ದ. ಮಾಲಕ್ರು ಗಿರಾಕಿನ್ನ ಹೊರಗ ನಿಂದ್ರಿಸಿ ಕದಾ ಮುಂದ ಮಾಡಿದ್ರು.

ಕಡೀಕ ಮಾಳವ್ವ ಮುದುಕಿಯಾದ್ಲು. ಕೂದಲಾ ಬೆಳ್ಳಗ, ಬಾಯಿ ಸಣ್ಣಗ. ನಗಬೇಕೋ ಬ್ಯಾಡೋ ಅನ್ನೋ ಆ ನಿಂತ ನಗು ಮಾತ್ರ ಹಂಗ ಇತ್ತು. ಸುಕ್ಕಿನ ನಡಕ ಆ ನಗುಲೆ ಆಕಿ ಗುರ್ತು ಹತ್ತಿತು. ಕಾಕಾ ರುಮಾಲಿನ ಚುಂಗಿಲೆ ಕಣ್ಣು ಒರಸ್ಕೊಂಡು, "ಬಂದಿಯೇನ, ಮುದುಕಿ?" ಅಂದ.

ನಾ ಅತ್ತೆ, ಮಾಲಕ್ರೂ ಅತ್ರು. ಮುಚ್ಚಿಡೂದೇನೈತಿ.

ಈಗಿನ ಕಾಕಾನ ಮಗ್ಗಲಕ್ಕ ಆಕಿನ್ನ ಕುಂದ್ರಿಸಿದೆ. ಬರೋಬ್ಬರಿ ಜೋಡಿ. ಯಾರೂ ಮಗಳೇನು ಅಂತ ಕೇಳಂಗಿಲ್ಲ. ಮಾಲಕ್ರು ಕಟ್ಟು ಹಾಕಿಸೂ ಮುಂದ ಕಾಕಾ ಕುರ್ಚಿ ನನ್ನ ಹತ್ರ ಎಳಕೊಂಡ. ಆಮ್ಯಾಲ ನನ್ನ ಕಡಿ ಬಗ್ಗಿ ಮೆತ್ತಗ ಕೇಳಿದ.

"ತಂಗೆವ್ವಾ, ಈಗ ನಾ ಆಕಿ ಗುರ್ತು ಹಿಡೀತೀನಿ. ಆದ್ರ ನಾ ಹೋದಾಗ ಆಕಿ ನನ್ನ ಗುರ್ತು ಹಿಡೀಬೇಕಲ್ಲ? ಆಕಿ ನೋಡಿದ್ದು ಆಗಷ್ಟ ಮೀಸಿ ಮೂಡಿದ ನಿಂಗನ್ನ. ಈ ಮುದುಕನ್ನ ಆಕಿ ನೋಡಿಲ್ಲ. ನಿನ್ನ ಮಷೀನು ಹಿಂದಕೂ ಎಳೀತದೇನು?"

"ಎಳೀತದ ಕಾಕಾ" ಅಂದೆ.

ಅವನ ಫೋಟೋ ಹಾಕಿ ಪಟ್ಟಿ ಎಡಕ್ಕ ಎಳದೆ. ಸುಕ್ಕು ಹೋದ್ವು, ಗಲ್ಲ ತುಂಬಿತು, ಮೀಸಿ ಕರ್ರಗಾತು. ಮಾಲಕ್ರ ಹಳೇ ಮಾತು ನೆನಪಾಗಿ, ಹುಬ್ಬಿನ ಮ್ಯಾಲ ಇದ್ದ ಒಂದು ಗಾಯದ ಕಲಿ ತೆಗೀಲಿಲ್ಲ. "ಇದು ಯಾವಾಗಿಂದು ಕಾಕಾ?" ಅಂತ ಕೇಳಿದೆ. "ಸಣ್ಣಾಂವಿದ್ದಾಗ ಟಗರು ಹಾಯ್ದಿದ್ದು. ಆಕಿ ಇದನ್ನ ಮುಟ್ಟಿ ನಗ್ತಿದ್ಲು" ಅಂದ. ಆ ಹುಡುಗ ನಿಂಗನ ಮಗ್ಗಲಕ್ಕ ಹುಡುಗಿ ಮಾಳವ್ವನ್ನ, ಆ ಹಳೇ ಫೋಟೋದಾಗ ಹ್ಯಾಂಗ ಇದ್ಲೋ ಹಂಗ, ಕುಂದ್ರಿಸಿದೆ. ಕಾಕಾ ಆ ಪರದೆ ಮುಂದ ಕುಂತು, ನೀರಿನಾಗ ಮಾರಿ ನೋಡ್ಕೊಂಡಂಗ, ತನ್ನ ರುಮಾಲು ನೆಟ್ಟಗ ಮಾಡ್ಕೊಂಡ.

ಹೋಗೂ ಮುಂದ ಮಾಲಕ್ರು, "ನಿಂಗಪ್ಪಣ್ಣ, ಈ ಹತ್ಯಾರ ನಮ್ಮದಲ್ಲಪಾ, ಬಾಡಿಗೀದು" ಅಂತ ತಮ್ಮ ಹಳೇ ರಾಗ ತೆಗದ್ರು. ಕಾಕಾ ನಕ್ಕ. "ನಾ ಮೇಸಿದ ಹುಲ್ಲು ಒಂದು ದಿನಾನೂ ನಂದಿರ್ಲಿಲ್ಲ ಸಾಹುಕಾರ್ರ. ಕುರಿ ಹೊಟ್ಟಿ ತುಂಬಲಿಲ್ಲೇನು?" ಅಂದ. ಅವತ್ತಿನಿಂದ ಮಾಲಕ್ರು ಬಾಡಿಗಿ ಮಾತು ಎತ್ತಲಿಲ್ಲ.

ಆ ಬ್ಯಾಸಗ್ಯಾಗ ಅವನ ಮಗ ಒಬ್ಬನ ಬಂದ, ತಲಿ ಬೋಳಿಸ್ಕೊಂಡು. ನನಗ ತಿಳೀತು. ಅಭ್ಯಾಸ ಬಲ, "ಕಣ್ಣು ತೆರಸಬೇಕೇನಪಾ?" ಅಂತ ಕೇಳಿಬಿಟ್ಟೆ.

"ಏನೂ ಬ್ಯಾಡ್ರಿ ಯಕ್ಕಾ. ಹೇಳಿ ಹೋಗಾಕ ಬಂದೀನಿ. ಮುದುಕ-ಮುದುಕಿದು ಮನ್ಯಾಗ ಗ್ವಾಡಿಗಿ ಐತಿ. ಆ ಸಣ್ಣ ವಯಸ್ಸಿಂದು ತನ್ನ ಜೋಡಿ ಕಳಸು ಅಂದಿದ್ದ ಅಪ್ಪ. ಮಣ್ಣಿಗಿ ಇಡೂ ಮುಂದ ಎದಿ ಮ್ಯಾಲ ಇಟ್ಟೀವಿ. ಫೋಟೋದ ಮಾರಿ ಮ್ಯಾಲಕ ಮಾಡಿ ಇಟ್ಟೀವ್ರಿ, ದೊಡ್ಡವ್ವಗ ಕಾಣಲಿ ಅಂತ."